ಆಡಿನ ಬಾಯಿಯ ರೊಟ್ಟಿ

ನನ್ನ ಅಕ್ಷರ ದುಂಡಗಿದೆ. ಜೀವನದಲ್ಲಿ ನನಗೆ ಬಂದ ಅರ್ಧ ತಾಪತ್ರಯಗಳಿಗೆ ಅದೇ ಕಾರಣ. ತೊಂಬತ್ತರ ದಶಕದ ನಡುವಿನಲ್ಲಿ ಬಸವಕಲ್ಯಾಣದ ಕೆಲವು ಗಣ್ಯರು, ಊರಿನಲ್ಲಿ ಯಾರೂ ಹಸಿದು ಮಲಗಬಾರದೆಂದು ಒಂದು ಸಮಿತಿ ಕಟ್ಟಿದರು. ಹಸಿವು ನೀಗಿಸಲು ಎಲ್ಲರೂ ತಯಾರಿದ್ದರು, ನಡಾವಳಿ ಪುಸ್ತಕ ಬರೆಯಲು ಮಾತ್ರ ಒಬ್ಬರೂ ಇರಲಿಲ್ಲ. ಆಗ ಅಧ್ಯಕ್ಷರಿಗೆ ತಮ್ಮ ಮೊಮ್ಮಗಳ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನನ್ನ ನೆನಪಾಯಿತು.

"ಅಕ್ಕೋರ, ನಿಮ್ಮ ಅಕ್ಷರ ಮುತ್ತಿನಂಗ ಅವ. ಕಾರ್ಯದರ್ಶಿ ಆಗ್ರಿ. ಕೆಲಸ ಏನೂ ಇರಂಗಿಲ್ರಿ" ಎಂದರು. ಕೆಲಸವಿಲ್ಲ ಎಂದು ಹೇಳಿ ಕೊಡುವ ಹುದ್ದೆಯನ್ನು ಒಪ್ಪಿಕೊಳ್ಳಬಾರದು ಎಂಬ ಬುದ್ಧಿ ನನಗೆ ಆಗ ಇರಲಿಲ್ಲ. ಒಪ್ಪಿಕೊಂಡೆ.

ಅಧ್ಯಕ್ಷರದು ಕಾಳಿನ ಅಡತಿ ಅಂಗಡಿ. ಎಪ್ಪತ್ತು ದಾಟಿದ್ದ ಒಳ್ಳೆಯ ಮನುಷ್ಯ. ಬಾಯಲ್ಲಿ ಎರಡೂ ಸಾಲು ಕಟ್ಟಿಸಿದ ಹಲ್ಲು, ಮಾತಿಗೆ ಮಾತ್ರ ಕಟ್ಟು ಇರಲಿಲ್ಲ. ಪ್ರತಿ ಸಭೆಯಲ್ಲೂ ಎದ್ದು ನಿಂತು, "ಇದು ದಾನ ಅಲ್ರಿ, ದಾಸೋಹ. ಕೊಡೋರು ದೊಡ್ಡವ್ರಲ್ಲ, ತಗೊಳ್ಳೋರು ಸಣ್ಣವ್ರಲ್ಲ" ಎನ್ನುತ್ತಿದ್ದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದೆವು. ಆಮೇಲೆ ತಿಂಡಿ ಬರುತ್ತಿತ್ತು.

ಆರು ತಿಂಗಳಲ್ಲಿ ಹುಮನಾಬಾದಿನವರೂ ಬಂದು ಸೇರಿಕೊಂಡರು. ಅವರನ್ನು ಸುಮ್ಮನೆ ಸದಸ್ಯರೆಂದು ಕೂಡಿಸುವುದು ಹೇಗೆ? ಅಲ್ಲಿನ ದೊಡ್ಡ ಜಮೀನುದಾರರೊಬ್ಬರಿಗಾಗಿ ಉಪಾಧ್ಯಕ್ಷ ಸ್ಥಾನವನ್ನು ಹೊಸದಾಗಿ ಸೃಷ್ಟಿಸಲಾಯಿತು. ಸಭೆ ಒಂದು ತಿಂಗಳು ಕಲ್ಯಾಣದಲ್ಲಿ, ಮರುತಿಂಗಳು ಹುಮನಾಬಾದಿನಲ್ಲಿ. ಕಲ್ಯಾಣದವರು ಮಿರ್ಚಿ ಭಜಿ ಮಾಡಿಸಿದರೆ ಹುಮನಾಬಾದಿನವರು ಹೋಳಿಗೆ ತುಪ್ಪ ಮಾಡಿಸುತ್ತಿದ್ದರು. ನಾವು ಪಟ್ಟು ಬಿಡದೆ ಮುಂದಿನ ಸಭೆಗೆ ಬೆಲ್ಲ ತುಪ್ಪದ ಮಾಲ್ದಿ ಉಂಡಿ ಇಡುತ್ತಿದ್ದೆವು. ಹಸಿದವರಿಗಾಗಿ ಇಷ್ಟೊಂದು ತಿಂದವರನ್ನು ನಾನು ಬೇರೆಲ್ಲೂ ಕಂಡಿಲ್ಲ. "ಹಸಿವಿನ ಬಗ್ಗೆ ಸುದೀರ್ಘ ಚರ್ಚೆ ನಡೆಯಿತು" ಎಂದು ನಾನು ದುಂಡಗೆ ಬರೆಯುತ್ತಿದ್ದೆ.

ನಮ್ಮ ಕೆಲಸದ ಪದ್ಧತಿ ಹೀಗಿತ್ತು. ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಜೋಳದ ರೊಟ್ಟಿ ಕೂಡಿಸುವುದು, ದುಡಿಯಲಾರದ ಮುಪ್ಪಿನವರ ಮನೆಗೆ ಗುರುವಾರಕ್ಕೊಮ್ಮೆ ಹಂಚುವುದು. ದಿನಕ್ಕೆ ನಾಲ್ಕರಂತೆ ವಾರಕ್ಕೊಂದು ಗಂಟು, ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ವಾರವಿಡೀ ಇಡಬೇಕಾದ್ದರಿಂದ ಖಡಕ್ ರೊಟ್ಟಿಯೇ ಆಗಬೇಕು. ಮೆತ್ತನೆಯ ರೊಟ್ಟಿ ಎರಡನೇ ದಿನಕ್ಕೇ ಹಳಸುತ್ತದೆಂದು ಅದನ್ನು ಮುಟ್ಟಲೇಬಾರದೆಂಬ ನಿಯಮವಿತ್ತು. ಪರೀಕ್ಷೆ ಅಧ್ಯಕ್ಷರದೇ. ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿ, ಕಿವಿಯ ಹತ್ತಿರ ಹಿಡಿದು ಮುರಿಯುತ್ತಿದ್ದರು. ಟಕ್ ಎಂದು ಸಪ್ಪಳ ಬಂದರೆ, "ಪಾಸ್! ಒಂದ್ ನಂಬರ್ ರೊಟ್ಟಿ!" ಸಪ್ಪಳ ಬರದಿದ್ದರೆ ಆ ಮನೆಯ ರೊಟ್ಟಿ ವಾಪಸ್. ಪಾಪ, ಬಿಸಿರೊಟ್ಟಿ ಬಡಿದು ತಂದ ಎಷ್ಟೋ ಹೆಣ್ಣುಮಕ್ಕಳು ನಮ್ಮೆದುರು ಫೇಲಾಗಿ ಮನೆಗೆ ಹೋಗಿದ್ದಾರೆ.

ಗುರುವಾರ ನಾನು ಮೊದಲು ಮನೆಯ ಕೆಲಸ ಮುಗಿಸುತ್ತಿದ್ದೆ. ಅತ್ತೆಗೆ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಬಿಸಿರೊಟ್ಟಿ ಮಾಡಿ, ಚೂರುಚೂರು ಮುರಿದು, ಹಾಲಿನಲ್ಲಿ ನೆನೆಸಿ ಅವರ ಮುಂದಿಟ್ಟು, ಆಮೇಲೆ ಸಮಿತಿಯ ಗಂಟುಗಳನ್ನು ಹೊತ್ತು ಹಂಚಲು ಹೊರಡುತ್ತಿದ್ದೆ. ಮೂರು ವರ್ಷ ಹೀಗೇ ಮಾಡಿದೆ. ಮಕ್ಕಳಿಗೆ ಬುದ್ಧಿ ಕಲಿಸುವ ಮಾಸ್ತರಿಣಿ ಬೇರೆ ನಾನು!

ನಾರಾಯಣಪುರದ ದಾರಿಯಲ್ಲಿ, ಊರು ಮುಗಿಯುವಲ್ಲಿ, ಒಂದು ಕೋಣೆಯ ಮನೆಯಲ್ಲಿ ಒಬ್ಬಳು ಮುದುಕಿ ಇದ್ದಳು, ಎಲ್ಲರೂ ಆಯಿ ಎನ್ನುತ್ತಿದ್ದರು. ಕುರಿ ಕಾಯುವ ಮನೆತನದವಳು. ಹಿಂಡೆಲ್ಲ ಎಂದೋ ಹೋಗಿ ಒಂದು ಕರಿ ಆಡು ಮಾತ್ರ ಉಳಿದಿತ್ತು. ನಾನು ಹೋದಾಗಲೆಲ್ಲ ಗಂಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಒತ್ತಿಕೊಳ್ಳುತ್ತಿದ್ದಳು. ಮಾತಾಡುವಾಗ ಸೆರಗು ಬಾಯಿಗೆ ಅಡ್ಡ ಇರುತ್ತಿತ್ತು. ನಾಚಿಕೆಯ ಹೆಣ್ಣುಮಗಳು ಅಂದುಕೊಂಡಿದ್ದೆ.

ಮೂರನೇ ವರ್ಷ ನಮ್ಮ ಉಪಾಧ್ಯಕ್ಷರು ಹೊಸ ಕ್ಯಾಮೆರಾ ಕೊಂಡರು. ಕೊಂಡ ಮೇಲೆ ಸುಮ್ಮನೆ ಇರುತ್ತಾರೆಯೇ? ವಾರ್ಷಿಕ ವರದಿಗೆ ಫಲಾನುಭವಿಗಳ ಫೋಟೋ ಬೇಕೆಂದು ಹುಮನಾಬಾದಿನಿಂದ ಜೀಪಿನಲ್ಲಿ ಬಂದರು. ಆಯಿಯನ್ನು ಬಾಗಿಲಲ್ಲಿ ಕೂಡಿಸಿ, ಗಂಟನ್ನು ತೊಡೆಯ ಮೇಲೆ ಇಡಿಸಿದರು.

"ಆಯಿ, ಬಾಯಿ ಮ್ಯಾಲಿನ ಸೆರಗ ತೆಗಿ. ನಗು, ನಗು! ಮಾರಿ ಯಾಕ ಸಣ್ಣ ಮಾಡ್ತಿ? ರೊಟ್ಟಿ ಸಿಕ್ಕಾವಲ್ಲ!"

ಆಯಿ ನಕ್ಕಳು. ಕ್ಯಾಮೆರಾ ಕ್ಲಿಕ್ ಎಂದಿತು.

ಮುಂದಿನ ಸಭೆ ಹುಮನಾಬಾದಿನಲ್ಲಿ, ಉಪಾಧ್ಯಕ್ಷರ ವಾಡೆಯಲ್ಲಿ. ಅಂದು ಊಟಕ್ಕೆ ಎಣ್ಣೆಗಾಯಿ ಬದನೆಕಾಯಿ, ಮೊಸರು, ಖಡಕ್ ರೊಟ್ಟಿ. ಅಧ್ಯಕ್ಷರು ಮಾತ್ರ ತಮ್ಮ ಹಲ್ಲಿನ ಸೆಟ್ಟನ್ನು ತೆಗೆದು, ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ದೊಡ್ಡ ಬಟ್ಟಲಿನ ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿಕೊಂಡರು. ಪ್ರತಿ ಸಲವೂ ಅವರದು ಹಾಗೇ. ಬಟ್ಟಲಿನ ಹಾಲು ತೀರದಂತೆ ನೋಡಿಕೊಳ್ಳಲು ಮನೆಯ ಸೊಸೆಯೊಬ್ಬಳು ಪಕ್ಕದಲ್ಲೇ ನಿಂತಿರುತ್ತಿದ್ದಳು. ಆಗ ಫೋಟೋಗಳು ಕೈಯಿಂದ ಕೈಗೆ ಹೊರಟವು. ಆಯಿಯ ಫೋಟೋ ಬಂದಾಗ ಕೋಲಾಹಲವೆದ್ದಿತು. ಆಕೆಯ ಪಕ್ಕದಲ್ಲಿ ಆಡು ನಿಂತಿತ್ತು. ಅದರ ಬಾಯಲ್ಲಿ ಅರ್ಧ ರೊಟ್ಟಿ.

"ಪ್ರಸಾದ ಆಡಿಗಿ ಹಾಕಾಕತ್ತಾಳ!" ಉಪಾಧ್ಯಕ್ಷರು ಎದ್ದೇ ನಿಂತರು. "ನಾವು ಬಿಸಲಾಗ ಜೋಳಿಗಿ ಹಿಡದು ತಿರಗತೀವಿ. ಈಕಿ ಆಡು ಮೇಯಸ್ತಾಳ!"

"ಈಕಿಗಿ ಹಸಿವಿಲ್ಲ ಅಂದಂಗಾತು. ಹೆಸರ ಹೊಡಿರಿ" ಎಂದರು ಇನ್ನೊಬ್ಬರು.

ಅಧ್ಯಕ್ಷರು ಬಾಯಲ್ಲಿದ್ದ ಮೆತ್ತನೆಯ ತುತ್ತನ್ನು ನುಂಗಿ, ಕರುಣೆ ತೋರಿಸಿದರು. ಹೆಸರು ಹೊಡೆಯುವುದು ಬೇಡ, ಆಡನ್ನು ಮಾರಿದರೆ ರೊಟ್ಟಿ ಮುಂದುವರಿಸೋಣ ಎಂದರು. ಠರಾವು ಪಾಸಾಯಿತು. ಸರ್ವಾನುಮತ ಎಂದು ನಾನೇ ಬರೆದೆ, ಯಾಕೆಂದರೆ ನಾನೂ ಕೈ ಎತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಸಿಟ್ಟು ಬಂದಿತ್ತು. ಆ ಫೋಟೋವನ್ನು ನಾವು ಹನ್ನೊಂದು ಮಂದಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದೆವು. ಹನ್ನೊಂದು ಮಂದಿಗೂ ಆಡಿನ ಬಾಯಿ ಕಂಡಿತು. ಬಾಯಿ ತುಂಬ ನಗುತ್ತಿದ್ದ ಆಯಿಯ ಬಾಯಲ್ಲಿ ಒಂದೂ ಹಲ್ಲಿಲ್ಲದ್ದು ಒಬ್ಬರಿಗೂ ಕಾಣಲಿಲ್ಲ.

ಸುದ್ದಿ ಮುಟ್ಟಿಸುವ ಕೆಲಸ ಯಾರದು? ಕೆಲಸವಿಲ್ಲದ ಕಾರ್ಯದರ್ಶಿಯದು. ಹೋಗಿ ಆಯಿಯ ಮುಂದೆ ಕುಳಿತು, ತರಗತಿಯಲ್ಲಿ ಮಾತಾಡುವ ಧ್ವನಿಯಲ್ಲಿ ಎಲ್ಲವನ್ನೂ ತಿಳಿಸಿದೆ.

"ಆಡು ಮಾರಬೇಕೇನ್ರಿ?" ಎಂದಳು.

"ಹೌದು ಆಯಿ. ಇಲ್ಲಂದ್ರ ರೊಟ್ಟಿ ಬಂದ್ ಆಗ್ತದ."

"ಅಕ್ಕೋರ, ಅದರ ಹಾಲು..."

"ಆಯಿ, ನಿಯಮ ಅಂದ್ರ ಎಲ್ಲಾರಿಗೂ ಒಂದ."

ಆಯಿ ಸೆರಗನ್ನು ಮತ್ತೆ ಬಾಯಿಗೆ ಅಡ್ಡ ಹಿಡಿದಳು. ಅದೇ ವಾರ ಹತ್ತಿರದ ಕೊಹಿನೂರು ಹಳ್ಳಿಯಿಂದ ಬಂದ ಯಾರಿಗೋ ಆಡನ್ನು ಕೊಟ್ಟಳಂತೆ. ಕೇಳಿ ನನಗೆ ಸಮಾಧಾನವಾಯಿತು. ಆಯಿಯ ರೊಟ್ಟಿ ಉಳಿಸಿದೆನಲ್ಲ ಎಂದು ಹೆಮ್ಮೆಯೂ ಆಯಿತು.

ಮುಂದಿನ ಗುರುವಾರ ಗಂಟು ಹಿಡಿದು ಹೋದೆ. ಹಳೆಯ ಗಂಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಗೇ ಉಳಿದಿತ್ತು. ಆಯಿ ಒಂದು ಬೋಗುಣಿ ಮುಂದಿಟ್ಟುಕೊಂಡು ಕುಳಿತಿದ್ದಳು. ನೀರಿನಲ್ಲಿ ರೊಟ್ಟಿಯ ಚೂರುಗಳು ಬೂದುಬಣ್ಣಕ್ಕೆ ತಿರುಗಿ ತೇಲುತ್ತಿದ್ದವು.

"ಇದೇನ್ ಆಯಿ?"

"ನೆನೀಲಿ ಅಂತ ಇಟ್ಟೀನ್ರಿ." ಆಕೆಯ ಧ್ವನಿಯಲ್ಲಿ ಸಿಟ್ಟೇ ಇರಲಿಲ್ಲ. "ಮದ್ಲ ನಾಲ್ಕರಾಗ ಎರಡ ಆಡಿಗಿ ಹಾಕ್ತಿದ್ದೆ. ಅದು ಹಾಲು ಕೊಡ್ತಿತ್ತು. ಆ ಹಾಲಾಗ ನನ್ನವೆರಡು ನೆನಸಿ ತಿಂತಿದ್ದೆ. ಇಬ್ಬರ್ದೂ ಹೊಟ್ಟಿ ತುಂಬ್ತಿತ್ತು. ನೀರಾಗ ನೆನಸಿದ್ರ ಗಂಟಲ್ದಾಗ ಇಳ್ಯಂಗಿಲ್ರಿ, ಏನ್ ಮಾಡಲಿ?"

ಅಯ್ಯೋ ಶಿವನೇ! ಗಂಟನ್ನು ಕೆಳಗಿಟ್ಟು ಆಕೆಯ ಮುಂದೆ ಕುಳಿತೆ. "ಮೂರು ವರ್ಷ ಆತು, ಒಮ್ಮೆರ ಹೇಳಬಾರ್ದೇನ್ ಆಯಿ?"

"ಕೊಟ್ಟಿದ್ದ ರೊಟ್ಟಿಗಿ ಹೆಸರ ಇಡ್ತಾರೇನ್ರಿ? ಆವತ್ತ ಹೇಳಾಕ ಹೋದೆ. ನೀವು ನಿಯಮ ಅಂದ್ರಿ."

ನಾನು ಏಳುವಾಗ ಆಯಿ ಹೊಸ ಗಂಟನ್ನು ಬಿಚ್ಚಿ, ಅರ್ಧದಷ್ಟು ರೊಟ್ಟಿಗಳನ್ನು ಎಣಿಸಿ ನನ್ನ ಕೈಗೆ ವಾಪಸ್ ಕೊಟ್ಟಳು. "ಇವು ಆಡಿನವು. ಅದೇ ಇಲ್ಲಂದ ಮ್ಯಾಲ ನಂಗ್ಯಾಕ? ಹಸದೋರಿಗಿ ಕೊಡ್ರಿ" ಎಂದಳು.

ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಹಾಲಿನ ಬಟ್ಟಲಿನಿಂದ ಕೈ ತೆಗೆದು ನನ್ನನ್ನೇ ನೋಡಿದರು. "ನಿಮ್ಮ ಸಮಿತಿಗಿ ಬೆಂಕಿ ಹತ್ತಲಿ! ಅವ್ರದು ಹೋಗ್ಲಿ. ನೀ ದಿನಾ ನನ್ನ ಬಾಯಿ ನೋಡಾಕತ್ತೀದಿ. ನಿನಗರ ತಿಳಿಬಾರ್ದಾ?" ನಾನು ಬಾಯಿ ಮುಚ್ಚಿಕೊಂಡು ಬೈಸಿಕೊಂಡೆ. ಮರುದಿನದಿಂದ ಅತ್ತೆಯ ಪಾಲಿನ ಹಾಲಿನಲ್ಲಿ ಅರ್ಧ ಮತ್ತು ಎರಡು ಬಿಸಿರೊಟ್ಟಿ ಒಂದು ಡಬ್ಬಿಯಲ್ಲಿ ಆಯಿಯ ಮನೆಗೆ ಹೊರಟವು. ಕಳಿಸಿದವರು ಅತ್ತೆ, ಹೊತ್ತವಳು ನಾನು.

ಆಡನ್ನು ವಾಪಸ್ ತರೋಣವೆಂದು ಭಾನುವಾರ ಕೊಹಿನೂರಿನ ಬಸ್ಸು ಹತ್ತಿದೆ. ಕೊಂಡವನು ಅದನ್ನು ಆಗಲೇ ಹುಮನಾಬಾದಿನ ಸಂತೆಯಲ್ಲಿ ಮಾರಿಬಿಟ್ಟಿದ್ದ. ಬೇರೆ ಆಡು ಕೊಡಿಸುತ್ತೇನೆ ಎಂದರೆ ಆಯಿ ಬೇಡವೆಂದಳು. "ಮತ್ಯಾರರ ಬಂದು ಫೋಟೋ ತೆಗಿತಾರ" ಎಂದಳು.

ಮುಂದಿನ ಸಭೆ ಕಲ್ಯಾಣದಲ್ಲಿತ್ತು. ಬಡಿಸುವ ಪಾಳಿ ನನ್ನದು. ಅಧ್ಯಕ್ಷರು ಹಲ್ಲು ತೆಗೆದು ಜೇಬಿಗಿಟ್ಟು ಕುಳಿತರು. ನಾನು ರೊಟ್ಟಿ ಬಡಿಸಿದೆ, ಹಿಂಡಿ ಬಡಿಸಿದೆ, ಹಾಲಿನ ಬಟ್ಟಲು ತಂದು ನನ್ನ ಕೈಯಲ್ಲೇ ಹಿಡಿದು ನಿಂತೆ.

"ಅಕ್ಕೋರ, ಹಾಲು?"

"ರೊಟ್ಟಿ ಪಾಸ್ ಆಗ್ಯಾವ್ರಿ ಸಾವ್ಕಾರ್ರ. ಟಕ್ ಅಂದಾವ. ಹಂಗ ತಿನ್ರಿ."

ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಆ ಕಡೆ ಈ ಕಡೆ ಹೊರಳಿಸಿದರು. ಒಸಡಿಗೆ ಚುಚ್ಚಿರಬೇಕು, ಮೆಲ್ಲಗೆ ಕೈಗೆ ಉಗುಳಿಕೊಂಡರು. ಆಗ ಆಯಿಯ ಕಥೆಯನ್ನೆಲ್ಲ ಹೇಳಿದೆ. ಯಾರೂ ಉಣ್ಣಲಿಲ್ಲ. ಸಮಿತಿಯ ಇತಿಹಾಸದಲ್ಲೇ ಮೊದಲ ಬಾರಿಗೆ ತಟ್ಟೆ ಮುಂದಿಟ್ಟುಕೊಂಡು ಹತ್ತು ಮಂದಿ ಸುಮ್ಮನೆ ಕುಳಿತಿದ್ದರು.

ಕೊನೆಗೆ ಅಧ್ಯಕ್ಷರು, "ಖರೇ ಅದ. ತಪ್ಪಾಗ್ಯಾದ" ಎಂದರು. ಕಣ್ಣು ಒದ್ದೆಯಾಗಿತ್ತು. ಭಲೆ, ಇನ್ನೇನು ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. "ಬರ್ಕೊಳ್ರಿ ಅಕ್ಕೋರ" ಎಂದರು. "ಮೆತ್ತನ ರೊಟ್ಟಿ ಬಗ್ಗೆ ವಿಚಾರ ಮಾಡಾಕ ಒಂದ್ ಉಪಸಮಿತಿ."

ಮೂವರ ಉಪಸಮಿತಿ. ಮೂವರಿಗೂ ಹಲ್ಲು ಗಟ್ಟಿಯಾಗಿದ್ದವು. ಎರಡು ಸಲ ಸೇರಿದರು. ಎರಡನೇ ಸಲದ ಊಟ ಬಹಳ ಚೆನ್ನಾಗಿತ್ತಂತೆ.

ಡಿಸೆಂಬರಿನಲ್ಲಿ ವಾರ್ಷಿಕ ವರದಿ. ಉಪಾಧ್ಯಕ್ಷರು ಹೇಳಿದರು, ನಾನು ಬರೆದೆ: "ನಮ್ಮ ಸೇವೆಯ ಫಲವಾಗಿ ಫಲಾನುಭವಿಯೊಬ್ಬರು ತಮ್ಮ ಪಾಲಿನ ಅರ್ಧ ರೊಟ್ಟಿಗಳನ್ನು ಸ್ವಇಚ್ಛೆಯಿಂದ ಹಿಂದಿರುಗಿಸುವ ಮಟ್ಟಕ್ಕೆ ಬಂದಿದ್ದಾರೆ." ಪೆನ್ನು ಕೆಳಗಿಡಬೇಕಿತ್ತು, ಇಡಲಿಲ್ಲ. ಇದೊಂದು ಬರೆದು ಬಿಟ್ಟುಬಿಡುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆಯಿಯ ಫೋಟೋವನ್ನೂ ಅಂಟಿಸಬೇಕಿತ್ತು. "ಆಡು ಕಾಣಬಾರ್ದು ನೋಡ್ರಿ" ಎಂದರು. ಕತ್ತರಿ ತೆಗೆದುಕೊಂಡು ಆಯಿಯನ್ನು ಒಂದು ಕಡೆ, ಆಡನ್ನು ಒಂದು ಕಡೆ ಮಾಡಿದೆ. ಆಯಿ ವರದಿಗೆ ಹೋದಳು. ಆ ವಾಕ್ಯವನ್ನು ಅಧ್ಯಕ್ಷರು ಸಭೆಯಲ್ಲಿ ಎರಡು ಸಲ ಓದಿಸಿದರು, ಚಪ್ಪಾಳೆಯೋ ಚಪ್ಪಾಳೆ. ಮರುದಿನ ನಾನು ನಡಾವಳಿ ಪುಸ್ತಕವನ್ನು ಅಡತಿ ಅಂಗಡಿಯ ಗಾದಿಯ ಮೇಲಿಟ್ಟು ಬಂದೆ. ನನ್ನ ಜಾಗಕ್ಕೆ ಬಂದವರ ಅಕ್ಷರವೂ ಚೆನ್ನಾಗಿತ್ತು.

ಕತ್ತರಿಸಿ ಉಳಿದ ಫೋಟೋದ ಚೂರನ್ನು ಎಸೆಯಲು ಮನಸ್ಸಾಗಲಿಲ್ಲ. ಹಾಲಿನ ಡಬ್ಬಿಯ ಜೊತೆ ಅದನ್ನೂ ಒಯ್ದು ಆಯಿಯ ಕೈಯಲ್ಲಿ ಇಟ್ಟೆ. ಬೆಳಕಿಗೆ ಹಿಡಿದು ನೋಡಿದಳು. ಮುಖ ಅರಳಿತು. ಸೆರಗು ಬಾಯಿಂದ ಜಾರಿದ್ದೂ ಆಕೆಗೆ ಗೊತ್ತಾಗಲಿಲ್ಲ. ಆಡಿನ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದಳು.

"ರೊಟ್ಟಿ ಇನ್ನಾ ಬಾಯಾಗೇ ಅದ ನೋಡ್ರಿ" ಎಂದಳು. "ಪೂರಾ ತಿನ್ನಾಕ ಬಿಡ್ಲಿಲ್ಲಲ್ರಿ ಅಕ್ಕೋರ ನೀವು."