ಫ್ಲೆಕ್ಸ್‌ನಲ್ಲಿ ಖಾಲಿಯಾದ ಜಾಗ

ಗೆಳೆಯರೇ, ಇವತ್ತು ಹೊಳಲ್ಕೆರೆಯ ಫ್ಲೆಕ್ಸ್ ಅಂಗಡಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿ ಮಂಜು ಸಿಕ್ಕಿದ. ತಮ್ಮ ಪಕ್ಷದ ನಾಯಕನ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದ. ಕಂಪ್ಯೂಟರ್ ಪರದೆಯಲ್ಲಿ ನಾಯಕನ ಪಕ್ಕ ನಿಂತಿದ್ದ ಹುಡುಗನನ್ನು ತೋರಿಸಿ, ಅಂಗಡಿಯವನಿಗೆ "ಇವನ್ನ ತೆಗೆದಾಕ್ರಿ" ಎಂದ. ಚಿತ್ರದಲ್ಲಿದ್ದ ಆ ಹುಡುಗನೂ ನನ್ನ ವಿದ್ಯಾರ್ಥಿಯೇ, ರಾಮಗಿರಿಯ ಬಸವರಾಜ.

"ಯಾಕಪ್ಪ?"

"ಮೀಟಿಂಗ್‌ನಾಗೆ ಅಣ್ಣಂಗೇ ಪ್ರಶ್ನೆ ಕೇಳ್ದ ಸಾರ್."

ಇತಿಹಾಸದ ಮೇಷ್ಟ್ರ ಬಾಯಿ ಸುಮ್ಮನಿರುತ್ತದೆಯೇ? ರಷ್ಯಾದಲ್ಲಿ ಸ್ಟಾಲಿನ್ ಎಂಬ ಸರ್ವಾಧಿಕಾರಿ ಇದ್ದ, ತನಗೆ ಆಗದವರನ್ನು ಕೊಲ್ಲಿಸುತ್ತಿದ್ದ, ಆಮೇಲೆ ತನ್ನ ಜೊತೆಗಿದ್ದ ಫೋಟೋಗಳಿಂದಲೂ ಅವರನ್ನು ಅಳಿಸಿಹಾಕಿಸುತ್ತಿದ್ದ ಎಂದೆ. ನಿಮ್ಮ ವಯಸ್ಸಿನವರು ಇದನ್ನು ಓದಲೇಬೇಕು ಎಂದೂ ಹೇಳಿದೆ.

ಮಂಜು ಕಣ್ಣರಳಿಸಿದ. "ಕಂಪ್ಯೂಟರ್ ಇಲ್ದಂಗೇನಾ ಸಾರ್? ನೋಡಿದೋರಿಗೆ ಗೊತ್ತಾಗ್ತಿರಲಿಲ್ವಾ?"

"ಎಷ್ಟೋ ಜನಕ್ಕೆ ಗೊತ್ತಾಗಲಿಲ್ಲ ಕಣಪ್ಪ."

"ಒಳ್ಳೆ ಕೆಲಸಗಾರ್ರು ಬಿಡ್ರಿ."

ಅಷ್ಟರಲ್ಲಿ ಬಸವರಾಜ ಪರದೆಯಿಂದ ಮಾಯವಾಗಿದ್ದ. ಮಂಜು ಮೊಬೈಲ್ ಎತ್ತಿ ನನ್ನದೊಂದು ಫೋಟೋ ತೆಗೆದೇಬಿಟ್ಟ. "ನಿಮ್ಮನ್ನೇ ಅಲ್ಲಿ ಹಾಕ್ತೀವಿ ಸಾರ್, ಹೆಂಗೂ ಜಾಗ ಖಾಲಿ ಐತೆ."

ನಾಳೆ ಸರ್ಕಲ್ಲಿನಲ್ಲಿ ಆ ನಾಯಕನ ಪಕ್ಕ ನನ್ನ ಮುಖ ಕಂಡರೆ ಅಭಿನಂದಿಸಬೇಡಿ. ಬಸವರಾಜ ಎಲ್ಲಿ ಎಂದು ಕೇಳಿ.