ಎಸ್ಫಂದ್ ತಿಂಗಳ ತಕರಾರು

ಧಾರವಾಡದಲ್ಲಿ ಟೈಪಿಂಗ್ ಕಲಿತ ಸುಲೋಚನಾ, ರೈಲ್ವೆಯಲ್ಲಿದ್ದ ಗಂಡ ಶಂಕರಲಿಂಗರ ಜೊತೆ ಕಲ್ಕತ್ತೆಗೆ ಬಂದು ಇಪ್ಪತ್ತು ವರ್ಷ ಒಗ್ಗರಣೆ ಹಾಕುತ್ತಲೇ ಇದ್ದರು. ಊರಂಚಿನ ಸಾಲ್ಟ್ ಲೇಕಿನಲ್ಲಿ ಐಟಿ ಕಂಪನಿಗಳು ಎದ್ದವು ನೋಡಿ, ಹಳೆಯ ಬೆರಳುಗಳಿಗೂ ಬೇಡಿಕೆ ಬಂತು! ಆಫೀಸಿನಲ್ಲಿ ಅಕ್ಕಪಕ್ಕ ಕೂತವರೆಲ್ಲ ಅವರ ಮಗಳ ವಾರಿಗೆಯವರು.

ಕೆಲಸವೆಂದರೆ ಲಂಡನ್ನಿನ ವಕೀಲರು ರೆಕಾರ್ಡ್ ಮಾಡಿ ಕಳಿಸಿದ್ದನ್ನು ಕೇಳಿ ಟೈಪ್ ಮಾಡುವುದು. ಬಹುಪಾಲು ಇರಾನಿನಿಂದ ಓಡಿಬಂದು ಬ್ರಿಟನ್ನಿನಲ್ಲಿ ಆಶ್ರಯ ಕೇಳಿದವರ ಪ್ರಕರಣಗಳು. ಅವರು ದುಡಿಯುವಂತಿಲ್ಲ, ಕರೆದಾಗ ಹೋಗಿ ಹಾಜರಿ ಹಾಕಬೇಕು, ತಮ್ಮ ಸಂಕಟವನ್ನು ಎರಡೆರಡು ಸಲ ಹೇಳಬೇಕು. ಎರಡು ಹೇಳಿಕೆ ತಾಳೆಯಾಗದಿದ್ದರೆ ಸುಳ್ಳುಗಾರರೆಂಬ ಹಣೆಪಟ್ಟಿ. ಕೇಳಿ ಕೇಳಿ ಸುಲೋಚನಾರ ಮೈಯೆಲ್ಲ ಉರಿಯುತ್ತಿತ್ತು.

2006ರಲ್ಲಿ ಬಂದದ್ದು ಪರ್ವೀನ್ ಎಂಬ ಶಾಲಾ ಶಿಕ್ಷಕಿಯ ಕಡತ. ಪೊಲೀಸರು ಮನೆಗೆ ನುಗ್ಗಿದ್ದು 2005ರ ಮಾರ್ಚಿನಲ್ಲಿ ಎಂದು ಆಕೆ ಮೊದಲು ಹೇಳಿದ್ದಳು. ಎರಡನೆಯ ಸಲ ತನ್ನ ದೇಶದ ಲೆಕ್ಕದಲ್ಲಿ, 1383ರ ಎಸ್ಫಂದ್ ತಿಂಗಳು ಎಂದಿದ್ದಳು. 1383 ಎಂದರೆ 2004 ಎಂದುಕೊಂಡ ಅಧಿಕಾರಿ, ಒಂದು ವರ್ಷದ ವ್ಯತ್ಯಾಸ ಹಿಡಿದು ಅರ್ಜಿಯನ್ನು ತಳ್ಳಿಹಾಕಿದ್ದ. ಮೇಲ್ಮನವಿಯ ವಿಚಾರಣೆ ನಾಡಿದ್ದು. ಸೋತರೆ ಅದೇ ಪೊಲೀಸರ ಕೈಗೆ ವಾಪಸ್. ವಕೀಲರೋ, "ಗಾಬರಿಯಲ್ಲಿ ಮರೆತಿರಬಹುದು" ಎಂದು ತೇಪೆ ಹಚ್ಚುತ್ತಿದ್ದರು.

ಸುಲೋಚನಾ ಇಯರ್‌ಫೋನ್ ಕಿತ್ತು ಎದ್ದು ನಿಂತರು. ಎಸ್ಫಂದ್ ಮುಗಿದ ಮರುದಿನವೇ ಇರಾನಿಗಳ ಹೊಸ ವರ್ಷವೆಂದು ಎಷ್ಟು ಕಡತಗಳಲ್ಲಿ ಟೈಪ್ ಮಾಡಿದ್ದರು! ಅಂದರೆ ನಮ್ಮ ಫಾಲ್ಗುಣದ ಹಾಗೆ ವರ್ಷದ ಕೊನೆಯ ತಿಂಗಳು. ಸ್ವತಃ ಸುಲೋಚನಾ ಹುಟ್ಟಿದ್ದು ವಿಳಂಬಿ ಸಂವತ್ಸರದ ಫಾಲ್ಗುಣದಲ್ಲಿ, 1959ರ ಮಾರ್ಚಿಗೆ. ವಿಳಂಬಿ ಶುರುವಾದದ್ದು 1958ರಲ್ಲಿ ಎಂದು ಶಾಲೆಯ ಮಾಸ್ತರರು ಹಾಗೇ ಬರೆದುಕೊಂಡು, ಒಂದು ವರ್ಷದ ವಯಸ್ಸು ಪುಕ್ಕಟೆ ಹೊರಿಸಿದ್ದರು. ಲಂಡನ್ನಿನಲ್ಲೂ ಅದೇ ಮಾಸ್ತರಿಕೆ! 2004ರಲ್ಲಿ ಶುರುವಾದ 1383ರ ಕೊನೆಯ ತಿಂಗಳು ಬೀಳುವುದು 2005ರ ಮಾರ್ಚಿಗೇ; ಪರ್ವೀನಳ ಎರಡು ಮಾತೂ ಒಂದೇ ಆಗಿತ್ತು.

ಇದನ್ನು ವಕೀಲರಿಗೆ ತಿಳಿಸುತ್ತೇನೆ ಎಂದಾಗ, ಅವರನ್ನು ಬಂಗಾಳಿಯಲ್ಲಿ ಚಿಕ್ಕಮ್ಮ ಎಂದೇ ಕರೆಯುವ ಮೇಲ್ವಿಚಾರಕ ಮಿಹಿರ್ ಬೆಚ್ಚಿಬಿದ್ದ. "ಮಾಶಿಮಾ, ವಕೀಲರಿಗೆ ನಾವು ಬುದ್ಧಿ ಹೇಳೋದಾ? ಕಾಂಟ್ರಾಕ್ಟ್ ಹೋಗುತ್ತೆ!"

"ಮಾತು ಕೇಳಿಸದ ಕಡೆ ಟೈಪಿಸ್ಟ್ ಟಿಪ್ಪಣಿ ಹಾಕಬಹುದಲ್ಲ? ಅಲ್ಲೇ ಹಾಕ್ತೀನಿ," ಎಂದರು ಸುಲೋಚನಾ. ಅವನು ತಲೆ ಕೆರೆದುಕೊಳ್ಳುವಷ್ಟರಲ್ಲಿ ನಾಲ್ಕು ಸಾಲು ಟೈಪಾಗಿ, ಫೈಲು ಲಂಡನ್ನಿಗೆ ಹೊರಟೇಹೋಗಿತ್ತು.

ಮೂರು ವಾರ ಸದ್ದಿಲ್ಲ. ನ್ಯಾಯಾಧೀಶರು ಏನೆಂದರೋ ಎಂದು ಸುಲೋಚನಾರಿಗೆ ಅನ್ನ ಸೇರಲಿಲ್ಲ. ಒಂದು ಮಧ್ಯಾಹ್ನ ವಕೀಲರ ದನಿ ಕಿವಿಗೆ ಬಿತ್ತು. ಪರ್ವೀನಳಿಗೇ ಬರೆಯುವ ಪತ್ರ. ಕೇಳುತ್ತಲೇ ಟೈಪ್ ಮಾಡಿದರು: ತಾರೀಖಿನ ಲೆಕ್ಕವನ್ನು ನ್ಯಾಯಾಧೀಶರು ಒಪ್ಪಿದ್ದಾರೆ. ನಿಮ್ಮನ್ನು ನಂಬಿದ್ದಾರೆ. ನೀವು ಇಲ್ಲೇ ಇರಬಹುದು.

ಸುಲೋಚನಾ ಹಾಕಿದ ಕೇಕೆಗೆ ಇಡೀ ಮಹಡಿ ತಿರುಗಿ ನೋಡಿತು. ಮಿಹಿರ್ ಚಪ್ಪಾಳೆ ತಟ್ಟಿದ. ಸುಲೋಚನಾರಿಗೆ ಕಣ್ಣೀರೂ ನಗುವೂ ಒಟ್ಟಿಗೇ ಉಕ್ಕಿದವು; ಗಂಡನ ಆಫೀಸಿಗೆ ಫೋನು ಹಚ್ಚಿದರು.

"ಏನ್ರೀ, ಆಕಿ ಉಳಕೊಂಡಳ್ರೀ! ವಾಪಸ್ ಕಳಸಂಗಿಲ್ಲಂತ!"

"ಯಾರಽ? ನಮ್ಮ ಪೈಕಿ ಯಾರರ ಏನು?" ಎಂದು ಶಂಕರಲಿಂಗ ಗಾಬರಿಯಾದರು.

"ಹೌದ್ರೀ," ಎಂದರು ಸುಲೋಚನಾ, "ನಮ್ಮ ಪೈಕೀನ."