ಅಕ್ಕನಿಗೆ ಉಳಿದ ಜಾಗ

ಸ್ಟುಡಿಯೋದಲ್ಲಿ ಅಕ್ಕನ ಫೋಟೋ ಒಂದೂ ಇರಲಿಲ್ಲ. ಅವಳ ಅಂಗೈಯ ಫೋಟೋಗಳು ಮಾತ್ರ ಬೇಕಾದಷ್ಟಿದ್ದವು.

ರೀಲಿನ ಕಾಲದಲ್ಲಿ ಕೊನೆಗೆ ಒಂದೆರಡು ಫೋಟೋ ಉಳಿದಾಗಲೆಲ್ಲ ಅವಳ ತಮ್ಮ ಕ್ಯಾಮೆರಾವನ್ನು ಅವಳ ಕಡೆ ತಿರುಗಿಸುತ್ತಿದ್ದ. ಅವಳು ತಟ್ಟನೆ ಕೈ ಅಡ್ಡ ಹಿಡಿಯುತ್ತಿದ್ದಳು. "ನಂದ್ಯಾಕೋ, ರೀಲು ದಂಡ. ನಾಳೆ ಯಾರಾದ್ರೂ ಗಿರಾಕಿ ಬರ್ತಾರೆ, ಇಟ್ಕೋ." ಹಾಗೆ ಉಳಿದುಬಂದ ಅಂಗೈಗಳನ್ನು ಒಂದರ ಪಕ್ಕ ಒಂದಿಟ್ಟರೆ ಅವಳ ವಯಸ್ಸು ಏರುತ್ತಾ ಹೋದದ್ದು ಕಾಣುತ್ತಿತ್ತು.

ಅಪ್ಪ ಹೋದಾಗ ತಮ್ಮನಿಗಿನ್ನೂ ಮೀಸೆ ಮೂಡಿರಲಿಲ್ಲ. ಅಂಗಡಿಯ ಬಾಗಿಲು ಮುಚ್ಚದಂತೆ ನೋಡಿಕೊಂಡವಳು ಅಕ್ಕ. ಊರಿನವರ ಬಾಯಲ್ಲಿ ಅವಳು ಸ್ಟುಡಿಯೋ ಅಕ್ಕ. ಗುಂಡಿ ಒತ್ತುವುದು ತಮ್ಮನ ಕೆಲಸ. ಒತ್ತುವ ಮೊದಲು ಎದುರಿಗೆ ಕೂತವರನ್ನು ಮನುಷ್ಯರಂತೆ ಕಾಣುವ ಹಾಗೆ ಮಾಡುವುದು ಅವಳ ಕೆಲಸ. ಕಾಲರು ಸರಿಮಾಡುವಳು, ತಲೆ ಬಾಚುವಳು, ಒಂದೇ ಬೆರಳಿನಿಂದ ಗದ್ದ ಮೇಲೆತ್ತುವಳು. ಕೊನೆಗೆ ಏನೋ ನೆನಪಾದವಳಂತೆ ಕೇಳುವಳು: "ಹಾಲು ಒಲೆ ಮೇಲಿಟ್ಟು ಬಂದ್ರಾ?" ಕೂತವರು ಒಂದು ಕ್ಷಣ ಬೆಚ್ಚಿ, ಮರುಕ್ಷಣ ನಗುತ್ತಿದ್ದರು. ತಮ್ಮ ಆ ನಗು ಹಿಡಿಯುತ್ತಿದ್ದ.

ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂತು. ಉಗುರಿಗಿಂತ ಸ್ವಲ್ಪ ದೊಡ್ಡದಾದ ಕಾರ್ಡು, ಅದರಲ್ಲಿ ಇನ್ನೂರು ಚಿಲ್ಲರೆ ಫೋಟೋಗೆ ಜಾಗ. ಫೋನಿನಲ್ಲಿ ಫೋಟೋ ತೆಗೆಯುವುದು ಇನ್ನೂ ಬಂದಿರಲಿಲ್ಲ. ಅಕ್ಕನಿಗೆ ಆ ಕಾರ್ಡಿನ ಮೇಲೆ ನಂಬಿಕೆ ಹುಟ್ಟಲಿಲ್ಲ. ಕ್ಯಾಮೆರಾದ ಮೂಲೆಯಲ್ಲಿ, ಇನ್ನು ಎಷ್ಟು ಹಿಡಿಸುತ್ತದೆಂದು ತೋರಿಸುವ ಅಂಕಿಯನ್ನು ಅವಳು ಒಲೆಯ ಮೇಲಿನ ಪಾತ್ರೆಯಂತೆ ಕಾಯುತ್ತಿದ್ದಳು. "ಈಗೆಷ್ಟು?" ಎಂದು ಕೇಳದ ಗಂಟೆಯಿರಲಿಲ್ಲ.

ಆ ವರ್ಷ ಅವಳ ಎಡದವಡೆಯಲ್ಲೊಂದು ಗಡ್ಡೆ ಬೆಳೆಯಿತು. ವೈದ್ಯೆ ಚಿತ್ರ ಬರೆದು ತೋರಿಸಿದರು. "ಜೀವಕ್ಕೇನೂ ಭಯ ಇಲ್ಲಮ್ಮ. ಆದ್ರೆ ದವಡೆಯ ಒಂದು ಭಾಗ ತೆಗೀಬೇಕಾಗುತ್ತೆ. ಮುಖ ಮೊದಲಿನ ಹಾಗಿರಲ್ಲ."

ಅಕ್ಕ "ಆಗಲಿ" ಅಂದಳು, ಯಾರೋ ಕುರ್ಚಿ ಸರಿಸಿ ಅಂದಷ್ಟೇ ಸಲೀಸಾಗಿ. ಊರಿನ ಅರ್ಧ ಮುಖಗಳು ತಮ್ಮನ ಕಪಾಟಿನಲ್ಲಿದ್ದವು. ತನ್ನನ್ನು ಸಾಕಿದವಳ ಮುಖ ಇರಲಿಲ್ಲ.

"ಒಂದೇ ಒಂದು ಅಕ್ಕಾ. ಆಪರೇಷನ್ನಿಗೆ ಮೊದಲು."

"ಬಿಸ್ಕತ್ತು ಕಾರ್ಖಾನೆ ಕೆಲಸ ಒಪ್ಕೊಂಡಿದ್ದೀವಿ. ಅದು ಮುಗೀಲಿ. ಜಾಗ ಉಳಿದ್ರೆ ತೆಗಿ, ಇಲ್ದಿದ್ರೆ ಬಿಡು."

ಕಾರ್ಖಾನೆಯವರ ಗುರುತಿನ ಚೀಟಿಗೆ ಫೋಟೋ ತೆಗೆಯುವ ದಿನವೂ ಅವಳು ಆಸ್ಪತ್ರೆಗೆ ಸೇರುವ ದಿನವೂ ಒಂದೇ ಆಗಿತ್ತು. ಸಂಜೆ ಕಾರ್ಖಾನೆಯಿಂದಲೇ ನೇರ ಆಸ್ಪತ್ರೆಗೆ ಹೋಗಬೇಕು. ಬಟ್ಟೆಯ ಚೀಲ ಜತೆಗೇ ಬಂದಿತ್ತು. ಇದ್ದ ಎರಡು ಕಾರ್ಡುಗಳಲ್ಲಿ ಒಂದು ಹಿಂದಿನ ವಾರ ತಮ್ಮನ ಅಂಗಿಯ ಜೇಬಿನಲ್ಲೇ ಉಳಿದಿತ್ತು. ಅಕ್ಕ ಅದನ್ನು ಅಂಗಿಯ ಜತೆ ಒಗೆದು, ಒಣಗಿಸಿ, ಇಸ್ತ್ರಿಯನ್ನೂ ಮಾಡಿದ್ದಳು. ಅಷ್ಟು ಚೊಕ್ಕಟವಾದ ಕಾರ್ಡು ಊರಲ್ಲಿ ಇನ್ನೊಂದಿರಲಿಲ್ಲ. ಅದರೊಳಗೆ ಇನ್ನು ಏನನ್ನೂ ಇಡುವಂತೆಯೂ ಇರಲಿಲ್ಲ.

ಪ್ಯಾಕಿಂಗ್ ಕೋಣೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ಕೆಲಸ ಶುರುವಾಯಿತು. ಗಾಳಿಯಲ್ಲಿ ಹಿಟ್ಟು, ಬಿಸಿ ಸಕ್ಕರೆಯ ವಾಸನೆ. ಅಕ್ಕ ಹೂಹೂವಿನ ಶಾಲಿನಿಂದ ಎಡಗೆನ್ನೆ ಮುಚ್ಚಿಕೊಂಡೇ ಒಬ್ಬೊಬ್ಬರ ಟೋಪಿ ತೆಗೆಸಿ, ಹುಬ್ಬಿನ ಮೇಲಿನ ಹಿಟ್ಟು ಒರೆಸಿ ಕೂರಿಸುತ್ತಿದ್ದಳು. ಕಣ್ಣು ಮುಚ್ಚಿದವರ ಫೋಟೋವನ್ನು ತಮ್ಮ ಅಲ್ಲೇ ಅಳಿಸಿ ಮತ್ತೆ ತೆಗೆಯುತ್ತಿದ್ದ.

ಹೇಳಿದ್ದಕ್ಕಿಂತ ಜನ ಹೆಚ್ಚಿದ್ದರು. ಮೇಸ್ತ್ರಿ ಲಾರಿಯವರನ್ನು ಕರೆತಂದ, ಕಾವಲಿನವರನ್ನು ಕರೆತಂದ. ಮಧ್ಯಾಹ್ನ ಕಾರ್ಖಾನೆಯ ಗೇಟು, ಅದರ ಪಕ್ಕದ ದೊಡ್ಡ ಮರ ಎರಡೂ ಬರುವಂತೆ ಒಂದು ಬೇಕೆಂದ. ತಮ್ಮ ಹೊರಗೆ ಹೋಗಿ ತೆಗೆದು ಬಂದ. ಅಕ್ಕ ಅಂಕಿ ನೋಡಿದಳು.

"ಒಂದು ಒತ್ತಿ ಎರಡು ಕಳೆದ್ಯಲ್ಲೋ."

"ಇಲ್ಲಕ್ಕ. ಆ ಮರದಲ್ಲಿ ಎಷ್ಟು ಎಲೆ ಇತ್ತು ನೋಡು. ಚಿತ್ರದೊಳಗೆ ಸಣ್ಣಪುಟ್ಟ ವಿವರ ಹೆಚ್ಚಿದ್ದಷ್ಟೂ ಜಾಗ ಹೆಚ್ಚು ಹಿಡಿಯುತ್ತೆ. ಬಿಳಿ ಬಟ್ಟೆ ಮುಂದೆ ಕೂತವರು ಕಡಿಮೆ. ಆ ಅಂಕಿ ಅಂದಾಜಿಂದು ಅಷ್ಟೇ."

"ಅಂದಾಜಿಗೆ ಇಷ್ಟು ದುಡ್ಡು ಕೊಟ್ಟು ತಂದ್ಯಾ?"

"ಚಿತ್ರದ ಅಳತೆ ಕಡಿಮೆ ಮಾಡಿದ್ರೆ ಇನ್ನೂ ಎಷ್ಟೋ ಹಿಡಿಸಬಹುದು."

"ದೊಡ್ಡದು ಕೊಡ್ತೀವಿ ಅಂತ ಒಪ್ಕೊಂಡು ಚಿಕ್ಕದು ಕೊಡೋದಾ? ಸುಮ್ನೆ ಕೆಲಸ ನೋಡು."

ಹೊತ್ತು ಇಳಿದಂತೆ ಅಂಕಿಯೂ ಇಳಿಯಿತು. ತಮ್ಮ ಈಗ ಮುಖಗಳನ್ನು ನೋಡುತ್ತಿರಲಿಲ್ಲ. ಸಾಲು ನೋಡುತ್ತಿದ್ದ, ಅಂಕಿ ನೋಡುತ್ತಿದ್ದ. ಸಾಲು ಕರಗಿ ಕೊನೆಯ ಹುಡುಗಿ ಎದ್ದು ಹೋದಾಗ ಮೂಲೆಯ ಅಂಕಿ ಒಂದು ಎಂದಿತ್ತು.

"ಬಾ ಅಕ್ಕ, ಕೂತ್ಕೋ."

ಅವಳು ಶಾಲಿಗೆ ಕೈ ಹಾಕಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಏದುಸಿರು ಬಿಡುತ್ತ ನಿಂತ. ಬಾಯ್ಲರಿನವನು. ಬೆಂಕಿ ಬಿಟ್ಟು ಬರುವ ಹಾಗಿಲ್ಲದೆ ಉಳಿದುಹೋಗಿದ್ದ. ಮುಖದ ತುಂಬ ಮಸಿ.

"ಮುಗೀತಾ ಅಕ್ಕ? ನಂದು ಉಳೀತಲ್ಲ."

"ಮುಗಿದಿಲ್ಲ ಬಾಪ್ಪ. ನಿನಗೆ ಅಂತಲೇ ಒಂದು ಇಟ್ಟಿದ್ದೀವಿ."

ಶಾಲಿನ ತುದಿ ನೀರಲ್ಲಿ ಅದ್ದಿ ಅವನ ಹಣೆ, ಕೆನ್ನೆ ಒರೆಸಿದಳು. ತಮ್ಮ ಕ್ಯಾಮೆರಾದ ಹಿಂದಿನಿಂದ ಅಲುಗಲಿಲ್ಲ.

"ಏನೋ ನೋಡ್ತಿದ್ದೀಯ? ಅವನಿಗೆ ಚೀಟಿ ಇಲ್ದಿದ್ರೆ ನಾಳೆ ಗೇಟಲ್ಲೇ ನಿಲ್ಲಿಸ್ತಾರೆ. ನನ್ನನ್ನ ಯಾವ ಗೇಟಲ್ಲಿ ನಿಲ್ಲಿಸ್ತಾರೆ?" ಬಾಯ್ಲರಿನವನ ಗದ್ದ ಎತ್ತಿ ಕೇಳಿದಳು: "ಹಾಲು ಒಲೆ ಮೇಲಿಟ್ಟು ಬಂದ್ಯಾ?"

"ಇಡೀ ಬಾಯ್ಲರೇ ಬಿಟ್ಟು ಬಂದಿದ್ದೀನಿ ಅಕ್ಕ," ಎಂದು ಅವನು ನಕ್ಕ. ತಮ್ಮ ಒತ್ತಿದ.

ಬಾಯ್ಲರಿನವನು ಓಡಿಹೋದ ಮೇಲೂ ತಮ್ಮನಿಗೆ ಅಂಕಿ ನೋಡಲು ಮನಸ್ಸಾಗಲಿಲ್ಲ. ನೋಡಿದವಳು ಅಕ್ಕನೇ.

"ಇದು ಕೆಟ್ಟಿದೆ ಕಣೋ. ಈಗ್ಲೂ ಒಂದೇ ತೋರಿಸ್ತಿದೆ."

ಅವನು ಬಗ್ಗಿ ನೋಡಿದ. ಒಂದು. ಬಾಯ್ಲರಿನವನ ಬೋಳುತಲೆ, ಬಣ್ಣವಿಲ್ಲದ ಅಂಗಿ, ಹಿಂದೆ ಬಿಳಿ ಬಟ್ಟೆ. ಪಾಪ, ಅವನು ಕಾರ್ಡಿನ ಒಂದಿಷ್ಟೇ ಜಾಗದಲ್ಲಿ ಮುದುಡಿ ಕೂತುಬಿಟ್ಟಿದ್ದ.

"ಕೆಟ್ಟಿಲ್ಲ," ಅಂದ ತಮ್ಮ. "ಉಳಿದಿದೆ ಅಕ್ಕ. ಉಳಿದ್ರೆ ತೆಗಿ ಅಂದಿದ್ದೆಯಲ್ಲ."

ಅಕ್ಕ ಕುರ್ಚಿಯ ಹತ್ತಿರ ಬಂದಳು. ಎಷ್ಟೋ ಜನರನ್ನು ಕೂರಿಸಿದ ಆ ಕುರ್ಚಿಯಲ್ಲಿ ಅವಳಿಗೆ ಕೂರಲು ಬರಲಿಲ್ಲ. ಬೇರೆಯವರ ಮನೆಯಲ್ಲಿ ಕೂತವಳಂತೆ ಅಂಚಿನಲ್ಲಿ ಕೂತಳು. ತಮ್ಮ ಹತ್ತಿರ ಬಂದು ಶಾಲನ್ನು ಕೆನ್ನೆಯಿಂದ ಭುಜಕ್ಕೆ ಸರಿಸಿದ. ಒಂದು ಬೆರಳಿನಿಂದ ಗದ್ದ ಎತ್ತಿದ, ಊದಿಕೊಂಡ ಕಡೆಗೆ ತಾಗದಂತೆ. ಹಿಂದೆ ಹೋಗಿ ಬಗ್ಗಿ, ಮೆಲ್ಲಗೆ ಕೇಳಿದ:

"ಅಕ್ಕಾ, ಹಾಲು ಒಲೆ ಮೇಲಿಟ್ಟು ಬಂದ್ಯಾ?"

ಅವಳ ಕೈ ಅಭ್ಯಾಸದಂತೆ ಅರ್ಧ ಮೇಲೆದ್ದಿತು. ಮತ್ತೆ ಮಡಿಲಿಗಿಳಿಯಿತು. ಅವಳು ನಕ್ಕಳು.

ಅಂಕಿ ಸೊನ್ನೆಗೆ ಬಂತು. ಅಕ್ಕ ಎದ್ದು ಬಿಳಿ ಬಟ್ಟೆ ಬಿಚ್ಚಿ ಮಡಿಸತೊಡಗಿದಳು.

ಆಪರೇಷನ್ನಾದ ಮೂರನೆಯ ದಿನ ತಮ್ಮ ಅವಳ ಮಂಚದ ಪಕ್ಕ ಕೂತಿದ್ದ. ಮುಖದ ಒಂದು ಕಡೆ ಪೂರ್ತಿ ಬ್ಯಾಂಡೇಜು. ಕೆಲವು ದಿನ ಮಾತಾಡಬಾರದೆಂದು ವೈದ್ಯೆ ಹೇಳಿದ್ದರು. ಮಾತು ಅವನೊಬ್ಬನದೇ.

"ಕಾರ್ಖಾನೆಯವರಿಗೆ ಕೊಟ್ಟು ಬಂದೆ. ಬಾಯ್ಲರಿನವನು ನಿನ್ನ ಕೇಳ್ದ. ಇನ್ನೊಂದು ವಿಷಯ ಗೊತ್ತಾ? ಪ್ರತಿ ಫೋಟೋ ಎಷ್ಟು ಜಾಗ ಹಿಡಿದಿದೆ ಅಂತ ಕಂಪ್ಯೂಟರು ತೋರಿಸುತ್ತೆ. ಆ ಮರ ಬಿಟ್ರೆ ನಿಂದೇ ಎಲ್ಲಕ್ಕಿಂತ ಜಾಸ್ತಿ."

ಅಕ್ಕನ ಹುಬ್ಬು ಮೇಲೇರಿತು. ನಿಜಾನಾ?

"ಶಾಲಿನ ಹೂವು, ಕಣ್ಣ ಸುತ್ತಲಿನ ಗೆರೆ, ನರೆಕೂದಲು, ಒಂದೂ ಬಿಟ್ಟಿಲ್ಲ. ಬಾಯ್ಲರಿನವನಂಥವರು ಇಬ್ಬರು ಕೂರೋ ಜಾಗ ನಿನಗೊಬ್ಬಳಿಗೇ ಬೇಕಾಯ್ತು."

ಅವನು ಎರಡು ಬೆರಳು ತೋರಿಸಿದ. ಅಕ್ಕ ಆ ಬೆರಳುಗಳನ್ನೇ ನೋಡಿದಳು. ಮುಚ್ಚದೆ ಉಳಿದ ಕೆನ್ನೆಯಲ್ಲಿ ನಗು ಅಲುಗಿತು. ನೋವಾಗಿರಬೇಕು, ತಕ್ಷಣ ನಿಲ್ಲಿಸಿಕೊಂಡಳು. ಆಮೇಲೆ ಅವನ ಹೆಗಲ ಚೀಲದತ್ತ ಕೈ ಚಾಚಿ ಕ್ಯಾಮೆರಾ ಹೊರಗೆ ತೆಗೆಸಿದಳು. ಮೊದಲು ಮೂಲೆಯ ಅಂಕಿ ನೋಡಿದಳು. ಫೋಟೋಗಳೆಲ್ಲ ಕಂಪ್ಯೂಟರಿಗೆ ಹೋಗಿ ಕಾರ್ಡು ಖಾಲಿಯಿತ್ತು, ಇನ್ನೂರು ಚಿಲ್ಲರೆ ಇತ್ತು.

ಕ್ಯಾಮೆರಾವನ್ನು ಅವನ ಕೈಗೆ ಕೊಟ್ಟು, ದಿಂಬಿಗೆ ಒರಗಿ, ಬ್ಯಾಂಡೇಜಿನ ಮೇಲೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡಳು. ಎರಡೂ ಕೈಗಳನ್ನು ಹೊದಿಕೆಯೊಳಗೆ ಇಟ್ಟುಕೊಂಡು ಅವನ ಕಡೆ ನೋಡಿದಳು.